ಸಾರ್, ಬ್ಯಾಡ್ಜ್ ಎಲ್ಲಿ ಸಿಗುತ್ತೆ? ಕೋಲಾರದ ಸ್ಕೌಟ್ ಮಕ್ಕಳಿಗೆ ಒಂದು ಮಾರ್ಗದರ್ಶಿ

ಶಾಲೆ ಶುರುವಾಗಿ ಒಂದೆರಡು ತಿಂಗಳಾಗಿರುತ್ತದೆ. ಹೊಸದಾಗಿ ಸ್ಕಾರ್ಫ್ ಕಟ್ಟಿಕೊಂಡ ಹುಡುಗರಲ್ಲಿ ಒಬ್ಬನಾದರೂ ಬಂದು ಕೇಳುತ್ತಾನೆ: "ಸಾರ್, ಬ್ಯಾಡ್ಜ್ ಎಲ್ಲಿ ಸಿಗುತ್ತೆ?" ದೊಡ್ಡ ಹುಡುಗರ ಬಲತೋಳಿನ ಮೇಲೆ ಸಾಲಾಗಿ ಹೊಲಿದ ಬ್ಯಾಡ್ಜ್‌ಗಳನ್ನು ಅವನು ನೋಡಿರುತ್ತಾನೆ. ಆಸೆ ಹುಟ್ಟಿರುತ್ತದೆ. ತಪ್ಪೇನಿಲ್ಲ. ನನಗೂ ಹಾಗೇ ಆಸೆ ಹುಟ್ಟಿತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಕ್ಯಾಂಪಿಗೆ ಹೋಗಿದ್ದೆ. ಬೆಳಗಿನ ತಿಂಡಿಗೆ ಉಪ್ಪಿಟ್ಟು. ಅಡುಗೆಯವರು ದೊಡ್ಡ ಬಾಣಲೆಯಲ್ಲಿ ರವೆ ತಿರುವುತ್ತಿದ್ದರು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರು ಬಂದು ಸೌಟು ಹಿಡಿದು ಒಂದು ಸುತ್ತು ತಿರುವಿ ಹೋಗಬೇಕು. ಅಷ್ಟೇ. ಸಂಜೆ ಹೊತ್ತಿಗೆ ನಮಗೆಲ್ಲ ಕುಕ್ ಬ್ಯಾಡ್ಜ್. ಮನೆಗೆ ಬಂದು ಒಂದು ವಾರ ಆಗಿರಲಿಲ್ಲ, ಅಮ್ಮ ಹೊಲಕ್ಕೆ ಹೋಗಿದ್ದಾಗ ನೆಂಟರು ಬಂದರು. ಅಜ್ಜಿ ನನ್ನ ತೋಳು ತೋರಿಸಿ, "ಇವನು ಅಡುಗೆ ಪರೀಕ್ಷೆ ಪಾಸು ಮಾಡವನೆ, ಸಾರು ಮಾಡ್ತಾನೆ" ಅಂದುಬಿಟ್ಟರು. ಆವತ್ತು ನೆಂಟರು ಮಜ್ಜಿಗೆ ಕುಡಿದುಕೊಂಡು ಹೋದರು. ಆ ಬ್ಯಾಡ್ಜನ್ನು ರಾತ್ರಿ ನಾನೇ ಬ್ಲೇಡಿನಿಂದ ಬಿಚ್ಚಿದೆ.

ಈಗ ನಾನೇ ಸ್ಕೌಟ್ ಮಾಸ್ಟರ್. ಆ ಉಪ್ಪಿಟ್ಟಿನ ಸಾಲು ನೆನಪಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಗೈಡ್ ಹುಡುಗಿಯರಿಗೂ ದಾರಿ ಹೆಚ್ಚುಕಮ್ಮಿ ಇದೇ.

ಮೊದಲು ಮೆಟ್ಟಿಲು, ಆಮೇಲೆ ಬ್ಯಾಡ್ಜ್

ಬ್ಯಾಡ್ಜ್ ಅಂದರೆ ಎರಡು ಥರ. ಇದು ತಿಳಿಯದೆ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ಒಂದು, ಮೇಲೇರುವ ಮೆಟ್ಟಿಲಿನದು: ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಇನ್ನೊಂದು, ಯಾವುದಾದರೂ ಒಂದು ಕೆಲಸದಲ್ಲಿ ಕೈ ಪಳಗಿದ್ದಕ್ಕೆ ಸಿಗುವ ಪ್ರಾವೀಣ್ಯ ಬ್ಯಾಡ್ಜ್: ಅಡುಗೆ, ಸೈಕಲ್, ತೋಟಗಾರಿಕೆ, ಪ್ರಥಮ ಚಿಕಿತ್ಸೆ, ಮರಗೆಲಸ, ಹೀಗೆ. ಈ ಲೇಖನ ಎರಡನೆಯದರ ಬಗ್ಗೆ.

ಎರಡಕ್ಕೂ ನಂಟು ಇದೆ. ಪ್ರವೇಶದಲ್ಲಿ ಪ್ರತಿಜ್ಞೆ, 9 ನಿಯಮಗಳು, ಸೆಲ್ಯೂಟ್, ಎಡಗೈ ಹಸ್ತಲಾಘವ ಕಲಿಯುತ್ತೀರಿ. ಪ್ರಥಮ ಸೋಪಾನದಲ್ಲಿ ಗಂಟುಗಳು, ಸಣ್ಣಪುಟ್ಟ ಗಾಯಕ್ಕೆ ಪಟ್ಟಿ ಕಟ್ಟುವುದು. ದ್ವಿತೀಯ ಸೋಪಾನದ ಹೊತ್ತಿಗೆ ಪ್ರಾವೀಣ್ಯ ಬ್ಯಾಡ್ಜ್ ಕೆಲಸ ಶುರುವಾಗುತ್ತದೆ. ಅಲ್ಲಿಂದ ಮುಂದೆ ಮೆಟ್ಟಿಲು ಹತ್ತಬೇಕಾದರೆ ಬ್ಯಾಡ್ಜ್‌ಗಳನ್ನೂ ಗಳಿಸುತ್ತಾ ಹೋಗಬೇಕು. ಯಾವ ಮೆಟ್ಟಿಲಿಗೆ ಯಾವ ಗುಂಪಿನಿಂದ ಎಷ್ಟು ಬ್ಯಾಡ್ಜ್ ಅನ್ನುವುದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ನಿಯಮ ಪುಸ್ತಕದಲ್ಲಿದೆ. ನಾವೆಲ್ಲ ಅದನ್ನು ಎಪಿಆರ್‌ಓ ಅನ್ನುತ್ತೇವೆ. ಸ್ಕೌಟ್‌ಗಳಿಗೆ ಎರಡನೇ ಭಾಗ, ಗೈಡ್‌ಗಳಿಗೆ ಮೂರನೇ ಭಾಗ. ನಿಮ್ಮ ಸ್ಕೌಟ್ ಮಾಸ್ಟರ್ ಹತ್ತಿರ ಇರುತ್ತದೆ. ಇಲ್ಲದಿದ್ದರೆ ಜಿಲ್ಲಾ ಸಂಸ್ಥೆಯಲ್ಲಿ ಇದ್ದೇ ಇರುತ್ತದೆ. ಅಣ್ಣಂದಿರು ಬಾಯಲ್ಲಿ ಹೇಳಿದ್ದನ್ನು ನಂಬಿ ಶುರು ಮಾಡಬೇಡಿ. ಪಠ್ಯ ಆಗಾಗ ಬದಲಾಗುತ್ತದೆ. ನಿಮಗೆ ಬೇಕಾದ ಬ್ಯಾಡ್ಜಿನ ಪುಟವನ್ನು ಝೆರಾಕ್ಸ್ ಮಾಡಿಸಿಕೊಂಡು ಅದನ್ನು ಲಾಗ್ ಬುಕ್ಕಿನ ಮೊದಲ ಹಾಳೆಗೆ ಅಂಟಿಸಿ. ಇದು ಮೊದಲ ಕೆಲಸ.

ಎರಡನೆಯದು: ಮನೆಯೊಳಗೆ ನೋಡಿ

ಬ್ಯಾಡ್ಜ್‌ಗಳ ಪಟ್ಟಿ ಉದ್ದ ಇದೆ. ಮಕ್ಕಳು ಅದನ್ನು ನೋಡಿದ ಕೂಡಲೇ ಹಾರುವುದು ಬಿಲ್ಲುವಿದ್ಯೆಗೆ, ದೋಣಿ ನಡೆಸುವುದಕ್ಕೆ. ಕೋಲಾರದಲ್ಲಿ ದೋಣಿ ಎಲ್ಲಿ ತರುತ್ತೀಯಪ್ಪ ಅಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ನಾನು ಹೇಳುವುದು ಇಷ್ಟೇ. ಒಂದು ಭಾನುವಾರ ಸುಮ್ನೆ ಕೂತು ಒಂದು ಹಾಳೆ ತಗೊಳ್ಳಿ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಯಾರಿಗೆ ಏನು ಕೆಲಸ ಬರುತ್ತದೆ ಅಂತ ಬರೆಯಿರಿ. ಮನೆಯಲ್ಲಿ ಹಸು ಇದೆಯಾ? ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವುದು ನೀವೇನಾ? ಹೈನುಗಾರಿಕೆಯ ಅರ್ಧ ಪಾಠ ಆಗಲೇ ಆಗಿದೆ. ಅಪ್ಪ ಟೊಮೆಟೊ ಹಾಕಿದ್ದಾರಾ? ಕಡ್ಡಿ ನೆಟ್ಟು ದಾರ ಎಳೆದು ಕಟ್ಟುವಾಗ ಆಳುಗಳು ಹಾಕುವ ಗಂಟನ್ನು ಒಮ್ಮೆ ಗಮನಿಸಿ. ನಿಮಗೆ ಶಾಲೆಯಲ್ಲಿ ಕಲಿಸಿದ ಕ್ಲೋವ್ ಹಿಚ್‌ಗೂ ಅದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಪಕ್ಕದ ಮನೆಯ ಅಣ್ಣ ಬಡಗಿಯಾ? ಚಿಕ್ಕಮ್ಮ ಟೈಲರಾ? ಎಲ್ಲ ಬರೆಯಿರಿ. ಆಮೇಲೆ ಬ್ಯಾಡ್ಜ್ ಪಟ್ಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ. ನಾಲ್ಕೈದು ಹೆಸರಾದರೂ ತಾಳೆ ಆಗುತ್ತವೆ. ಮೊದಲ ಬ್ಯಾಡ್ಜ್ ಅವುಗಳಲ್ಲೇ ಒಂದಾಗಿರಲಿ. ಎರಡನೆಯದಕ್ಕೆ ಬೇಕಾದರೆ ಏನೂ ಗೊತ್ತಿಲ್ಲದ ಕೆಲಸ ಹಿಡಿಯಿರಿ.

ನಮ್ಮ ಜಿಲ್ಲೆಯಲ್ಲಿ ಮಕ್ಕಳು ಕಣ್ಣೆತ್ತಿಯೂ ನೋಡದ ಬ್ಯಾಡ್ಜ್ ಒಂದಿದೆ. ಇಂಟರ್‌ಪ್ರೆಟರ್, ಅಂದರೆ ದುಭಾಷಿ. ಇನ್ನೊಂದು ಭಾಷೆಯಲ್ಲಿ ಮಾತಾಡಬೇಕು, ಓದಬೇಕು, ಪತ್ರ ಬರೆಯಬೇಕು. ನಮ್ಮಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನುವ ಮಕ್ಕಳೇ ಎಷ್ಟೊಂದು ಜನ! ಕೆಜಿಎಫ್ ಕಡೆ ಹೋದರೆ ತಮಿಳು. ಪೇಟೆಯಲ್ಲಿ ಉರ್ದು. ಬೇರೆ ಊರಿನ ಸ್ಕೌಟ್ ವರ್ಷಗಟ್ಟಲೆ ಕಷ್ಟಪಟ್ಟು ಕಲಿಯುವುದನ್ನು ನಮ್ಮ ಮಕ್ಕಳು ಅಜ್ಜಿಯ ಮಡಿಲಲ್ಲೇ ಕಲಿತಿರುತ್ತಾರೆ. ಆದರೆ ತೆಲುಗು ಮಾತಾಡುವ ಹುಡುಗನಿಗೆ ತೆಲುಗು ಅಕ್ಷರ ಬರುವುದಿಲ್ಲ. ಅಲ್ಲೇ ಸಿಕ್ಕಿಬೀಳುತ್ತಾನೆ. ಕನ್ನಡ ಬಲ್ಲವರಿಗೆ ಆ ಲಿಪಿ ಅಕ್ಕಪಕ್ಕದ ಮನೆಯಿದ್ದಂತೆ. ತಲೆಕಟ್ಟು ಬೇರೆ, ಮೈ ಒಂದೇ. ದಿನಕ್ಕೆ ಅರ್ಧ ಗಂಟೆ ಕೂತರೆ ಒಂದೂವರೆ ತಿಂಗಳಲ್ಲಿ ಬಸ್ ಬೋರ್ಡು, ಪೇಪರ್ ತಲೆಬರಹ ಓದಬಹುದು. ನಮ್ಮ ದಳದ ಒಬ್ಬ ಹುಡುಗ ಮದನಪಲ್ಲಿಯಲ್ಲಿರುವ ಮಾವನಿಗೆ ಮೊದಲ ತೆಲುಗು ಪತ್ರ ಬರೆದ. ಒತ್ತಕ್ಷರ ಎಲ್ಲ ತಪ್ಪು. ಮಾವ ಅದಕ್ಕೆ ಉತ್ತರ ಬರೆದರು. ಎರಡನ್ನೂ ಲಾಗ್ ಬುಕ್ಕಿಗೆ ಅಂಟಿಸಿ ಪರೀಕ್ಷೆಗೆ ತಂದಿದ್ದ.

ಮೂರನೆಯದು: ಗುರು ಹುಡುಕಿ

ಸ್ಕೌಟ್ ಮಾಸ್ಟರಿಗೆ ಎಲ್ಲ ಬರುತ್ತದೆ ಅಂದುಕೊಳ್ಳಬೇಡಿ. ನನಗೆ ಹೊಲಿಗೆ ಮಿಷನ್ ಮುಂದೆ ಕೂತರೆ ಕಾಲು ಒಂದು ಕಡೆ, ಕೈ ಒಂದು ಕಡೆ. ಕೆಲಸ ಬಲ್ಲವರ ಹತ್ತಿರವೇ ಹೋಗಬೇಕು. ಹೋಗುವಾಗ ಒಬ್ಬರೇ ಹೋಗಬೇಡಿ. ನಿಮ್ಮ ಪೆಟ್ರೋಲಿನ, ಅಂದರೆ ದಳದೊಳಗಿನ ನಿಮ್ಮ ಸಣ್ಣ ಗುಂಪಿನ, ಇನ್ನೊಬ್ಬ ಇರಲಿ, ಮನೆಯಲ್ಲಿ ಹೇಳಿರಲಿ. ಕೇಳುವ ರೀತಿಯೂ ಮುಖ್ಯ. ಸೈಕಲ್ ಶಾಪಿನ ಅಣ್ಣನ ಹತ್ತಿರ ವ್ಯಾಪಾರದ ಹೊತ್ತಿನಲ್ಲಿ ಹೋಗಿ ನೋಟ್‌ಬುಕ್ ತೆರೆದರೆ ಬೈಸಿಕೊಳ್ಳುತ್ತೀರಿ. ಮಧ್ಯಾಹ್ನ ಮೂರು ಗಂಟೆಗೆ ಹೋಗಿ, "ಅಣ್ಣಾ, ನಾಲ್ಕು ಶನಿವಾರ ಬರ್ತೀನಿ, ಟ್ಯೂಬ್ ಉಜ್ಜಿ ಕೊಡ್ತೀನಿ, ಪಂಚರ್ ಹಾಕೋದು ತೋರಿಸಿಕೊಡಿ" ಅನ್ನಿ. ಬೇಡ ಅನ್ನುವವರು ಕಡಿಮೆ.

ಈಗ ಮೂರು ಬ್ಯಾಡ್ಜ್ ಹಿಡಿದು ವಿವರವಾಗಿ ಹೇಳುತ್ತೇನೆ. ಉಳಿದವಕ್ಕೂ ಇದೇ ಅಳತೆ.

ಕುಕ್: ಒಂದು ಒಲೆ, ಎರಡು ಕಡ್ಡಿ

ಸ್ಕೌಟ್ ಅಡುಗೆ ಅಂದರೆ ಗ್ಯಾಸ್ ಸ್ಟವ್ ಅಲ್ಲ. ಬಯಲಲ್ಲಿ ಸೌದೆ ಒಲೆ. ಬೆಂಕಿ ಹಚ್ಚಲು ಎರಡೇ ಬೆಂಕಿಕಡ್ಡಿ. ಸೀಮೆಎಣ್ಣೆ ಹಾಕುವ ಹಾಗಿಲ್ಲ. ಸೋಲುವವರಲ್ಲಿ ಮುಕ್ಕಾಲು ಪಾಲು ಇಲ್ಲೇ ಸೋಲುತ್ತಾರೆ, ಅಡುಗೆಯಲ್ಲಲ್ಲ.

ಗುಟ್ಟು ಪುಳ್ಳೆಯಲ್ಲಿದೆ. ಮುರಿದರೆ 'ಟಕ್' ಅನ್ನಬೇಕು. ಬಗ್ಗಿದರೆ ಹಸಿ, ಬಿಸಾಡಿ. ಸಣ್ಣ ಕಡ್ಡಿ ಒಂದು ಹಿಡಿ, ಬೆರಳು ದಪ್ಪದ್ದು ಎರಡು ಹಿಡಿ, ಕೈ ದಪ್ಪದ ಸೌದೆ ನಾಲ್ಕು. ಮೂರನ್ನೂ ಬೇರೆ ಬೇರೆ ಜೋಡಿಸಿಟ್ಟುಕೊಂಡ ಮೇಲೇ ಕಡ್ಡಿ ಗೀರಿ. ಗಾಳಿಗೆ ಬೆನ್ನು ಕೊಟ್ಟು ಕೂತು ಮೊದಲು ಒಣಗಿದ ತೆಂಗಿನ ನಾರಿಗೆ ಹಚ್ಚಿ. ಅವಸರಪಟ್ಟು ದಪ್ಪ ಸೌದೆ ಹೇರಿದರೆ ಬರೀ ಹೊಗೆ. ಪಾತ್ರೆ ಒಲೆಗಿಡುವ ಮುಂಚೆ ಹೊರಗಡೆ ತೆಳ್ಳಗೆ ಮಣ್ಣು ಬಳಿಯಿರಿ. ಅಜ್ಜಿಯಂದಿರಿಗೆಲ್ಲ ಇದು ಗೊತ್ತು. ಮಸಿ ಪಾತ್ರೆಗೆ ಹಿಡಿಯುವುದಿಲ್ಲ, ಕೊನೆಗೆ ತೊಳೆಯುವುದು ಸಲೀಸು.

ಏನು ಮಾಡಬೇಕು? ತುಂಬಾ ಜನ ಚಿತ್ರಾನ್ನ ಮಾಡಿ ಮುಗಿಸುತ್ತಾರೆ. ಅನ್ನ ಕೆಟ್ಟರೂ ಅರಿಶಿನ ಮುಚ್ಚಿಹಾಕುತ್ತದೆ ಅನ್ನುವ ಧೈರ್ಯ. ನನ್ನ ಮಾತು ಕೇಳಿದರೆ ಮುದ್ದೆ, ಬಸ್ಸಾರು ಮಾಡಿ. ಕೋಲಾರದ ಹುಡುಗ ಮುದ್ದೆ ತಿರುವದೆ ಕುಕ್ ಬ್ಯಾಡ್ಜ್ ಹಾಕಿಕೊಂಡರೆ ಚೆನ್ನಾಗಿರುತ್ತಾ? ಬಸ್ಸಾರಿನ ಚಂದ ಏನೆಂದರೆ ಒಂದೇ ಪಾತ್ರೆಯಲ್ಲಿ ಬೇಯಿಸಿದ್ದು ಎರಡಾಗುತ್ತದೆ. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದುಕೊಂಡರೆ ಅದು ಸಾರಿಗೆ. ಉಳಿದ ಕಾಳು ಸೊಪ್ಪು ಒಗ್ಗರಣೆ ಹಾಕಿದರೆ ಪಲ್ಯ. ಖಾರ ರುಬ್ಬುವಾಗ ಬೆಂದ ಕಾಳು ಒಂದು ಹಿಡಿ ಸೇರಿಸಿ, ಸಾರು ಮಂದವಾಗಿ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಪರೀಕ್ಷೆ ಇದ್ದರೆ ಅವರೆಕಾಯಿ ಕಾಲ. ಇನ್ನೇನು ಬೇಕು.

ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಹಾಕಿ. ಎಸರು ಮರಳಿದಾಗ ಹಿಟ್ಟನ್ನು ಗುಡ್ಡೆಯಾಗಿ ಸುರಿಯಿರಿ. ಕೂಡಲೇ ತಿರುವಬೇಡಿ. ಕೋಲಿನಿಂದ ನಡುವೆ ತೂತು ಮಾಡಿ ನಾಲ್ಕೈದು ನಿಮಿಷ ಬೇಯಲು ಬಿಡಿ. ಆಮೇಲೆ ಪಾತ್ರೆ ಇಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು ತಿರುವಿ. ಗಂಟು ಕಂಡರೆ ಕೋಲನ್ನು ಪಾತ್ರೆಯ ಗೋಡೆಗೆ ಒತ್ತಿ ಒಡೆಯಿರಿ. ಮನೆಯಲ್ಲಿ ಕನಿಷ್ಠ ಆರು ಸಲ ಮಾಡಿರಬೇಕು. ಮೊದಲನೇ ಸಲದ ಮುದ್ದೆ ಯಾರೂ ತಿನ್ನುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಪರೀಕ್ಷಕರು ಊಟ ಮಾಡಿ ಹೋಗಿಬಿಡುವುದಿಲ್ಲ. ಕೈ ತೊಳೆದಿದ್ದೀರಾ, ಕುಡಿಯುವ ನೀರು ಮುಚ್ಚಿಟ್ಟಿದ್ದೀರಾ, ತರಕಾರಿ ಸಿಪ್ಪೆ ಎಲ್ಲಿ ಹಾಕಿದಿರಿ ಅಂತ ನೋಡುತ್ತಾರೆ. ಕೊನೆಗೆ ಬೆಂಕಿ. ನೀರು ಹಾಕಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ. ಅಂಗೈ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿದರೆ ಬಿಸಿ ತಾಗಬಾರದು. ನಮ್ಮ ಬೆಟ್ಟಗಳಲ್ಲಿ ಬೇಸಿಗೆಯ ಹುಲ್ಲಿಗೆ ಒಂದು ಕೆಂಡ ಸಾಕು.

ಸೈಕ್ಲಿಸ್ಟ್: ಮುಳ್ಳು ತೆಗೆದಿರಾ?

ಸೈಕಲ್ ಹೊಡೆಯುವುದು ಎಲ್ಲರಿಗೂ ಬರುತ್ತದೆ. ಬ್ಯಾಡ್ಜ್ ಸಿಗುವುದು ಸೈಕಲ್ ಬಿಚ್ಚಿ ಜೋಡಿಸುವುದಕ್ಕೆ, ರಸ್ತೆ ನಿಯಮಕ್ಕೆ, ನಕ್ಷೆ ನೋಡಿ ಗೊತ್ತಿಲ್ಲದ ಊರು ಮುಟ್ಟುವುದಕ್ಕೆ.

ಪಂಚರ್ ಹಾಕುವ ಕ್ರಮ ಹೀಗೆ. ಟೈರನ್ನು ಒಂದು ಕಡೆ ಮಾತ್ರ ರಿಮ್‌ನಿಂದ ಬಿಡಿಸಿ ಟ್ಯೂಬ್ ಎಳೆಯಿರಿ. ಚೂಪಾದ ಸ್ಕ್ರೂಡ್ರೈವರ್ ಬಳಸಿದರೆ ಒಂದು ತೂತಿಗೆ ಎರಡಾಗುತ್ತದೆ. ಗಾಳಿ ತುಂಬಿ ನೀರಿನ ಬೇಸಿನ್‌ನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸಿ. ಗುಳ್ಳೆ ಬಂದ ಕಡೆ ಗುರುತು ಮಾಡಿ. ಗಾಳಿ ಬಿಟ್ಟು, ಒರೆಸಿ, ಉಪ್ಪುಕಾಗದದಿಂದ ಉಜ್ಜಿ. ಸೊಲ್ಯೂಷನ್ ತೆಳ್ಳಗೆ ಹಚ್ಚಿ. ಹಸಿ ಇರುವಾಗಲೇ ಪ್ಯಾಚ್ ಹಾಕುವುದೇ ಎಲ್ಲರೂ ಮಾಡುವ ತಪ್ಪು. ಮುಟ್ಟಿದರೆ ಬೆರಳಿಗೆ ಅಂಟುವಷ್ಟು ಒಣಗಲಿ, ಆಮೇಲೆ ಪ್ಯಾಚ್ ಒತ್ತಿ.

ಇಷ್ಟಾದ ಮೇಲೆ ಗಾಲಿ ಜೋಡಿಸಲು ಹೊರಡುತ್ತಾರೆ. ಮುಳ್ಳು ತೆಗೆದಿರಾ? ಜಾಲಿ ಮುಳ್ಳು ಟೈರಿನಲ್ಲೇ ಕೂತಿರುತ್ತದೆ. ಹಳೇ ಬಟ್ಟೆ ಒಂದನ್ನು ಟೈರಿನ ಒಳಗೆ ಸುತ್ತಲೂ ಎಳೆದರೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು. ಪರೀಕ್ಷಕರು ಕಾಯುತ್ತಿರುವುದು ಇದನ್ನು ನೋಡಲಿಕ್ಕೇ.

ಅಭ್ಯಾಸದ ಸವಾರಿಗೆ ಹೆದ್ದಾರಿ 75 ಬೇಡವೇ ಬೇಡ. ಹಳ್ಳಿ ರಸ್ತೆ ಹಿಡಿಯಿರಿ. ಎಡಗಡೆ, ಒಬ್ಬರ ಹಿಂದೆ ಒಬ್ಬರು. ತಿರುಗುವ ಮುಂಚೆ ಕೈ ತೋರಿಸಿ. ಕತ್ತಲಾಗುವ ಮುಂಚೆ ಮನೆ. ಒಂದು ಹಳೇ ಸ್ಕೌಟ್ ಆಟವನ್ನು ನಾನು ಈಗಲೂ ಆಡಿಸುತ್ತೇನೆ. ಹೊರಡುವ ಮುಂಚೆ ಕಿವಿಯಲ್ಲಿ ಒಂದು ಸುದ್ದಿ ಹೇಳುತ್ತೇನೆ. "ಸೋಮವಾರ ನಾಲ್ಕೂವರೆಗೆ ಹನ್ನೊಂದು ಜನ, ಮೂರು ಕಂಬಳಿ, ಒಂದು ಲಾಟೀನು" ಅಂತ ಏನೋ ಒಂದು. ಒಂದು ಗಂಟೆ ಸೈಕಲ್ ಹೊಡೆದು ಬಂದು ಅದನ್ನು ಹಾಗೇ ಒಪ್ಪಿಸಬೇಕು. ಮೂರು ಲಾಟೀನು, ಒಂದು ಕಂಬಳಿ ಆಗಿ ಬಂದರೆ ಮುಂದಿನ ಶನಿವಾರ ಮತ್ತೆ ಹೊಡಿ.

ಪಾತ್‌ಫೈಂಡರ್: ನಿಮ್ಮೂರು ನಿಮಗೆ ಗೊತ್ತಾ?

ನನಗೆ ಎಲ್ಲಕ್ಕಿಂತ ಇಷ್ಟವಾದ ಬ್ಯಾಡ್ಜ್ ಇದು. ಖರ್ಚಿಲ್ಲ, ಸಾಮಾನಿಲ್ಲ. ಹೊಸಬರು ಯಾರಾದರೂ ಬಂದು ದಾರಿ ಕೇಳಿದರೆ ಸರಿಯಾಗಿ ಹೇಳಬೇಕು. ಆಸ್ಪತ್ರೆ, ಪೊಲೀಸ್ ಠಾಣೆ, ಅಗ್ನಿಶಾಮಕ ಠಾಣೆ, ಅಂಚೆ ಕಚೇರಿ, ರಾತ್ರಿ ತೆರೆದಿರುವ ಔಷಧಿ ಅಂಗಡಿ ಗೊತ್ತಿರಬೇಕು. ಊರಿನ ಹಳೇ ಕಥೆಯೂ ಸ್ವಲ್ಪ ಗೊತ್ತಿರಬೇಕು.

"ಕ್ಲಾಕ್ ಟವರ್‌ನಿಂದ ಎಸ್‌ಎನ್‌ಆರ್ ಆಸ್ಪತ್ರೆಗೆ ಹೇಗೆ ಹೋಗೋದು?" ಅಂತ ಮಕ್ಕಳನ್ನು ಕೇಳಿ ನೋಡಿ. "ಹಿಂಗ್ ಹೋಗಿ, ಹಂಗ್ ತಿರುಗಿ ಸಾರ್" ಅಂತ ಗಾಳಿಯಲ್ಲಿ ಕೈಯಾಡಿಸುತ್ತಾರೆ. ಅದು ದಾರಿ ಹೇಳಿದ ಹಾಗಲ್ಲ. ಕೈ ಕಟ್ಟಿಕೊಂಡು ಹೇಳಬೇಕು. ಎಡ ಬಲ, ಎಷ್ಟು ದೂರ, ತಿರುವಿನಲ್ಲಿ ಏನು ಕಾಣುತ್ತದೆ. ಗುರುತಿಗೆ ದೇವಸ್ಥಾನ, ಅರಳಿಕಟ್ಟೆ, ನೀರಿನ ಟ್ಯಾಂಕ್ ಹೇಳಿ. ಬೀಡಾ ಅಂಗಡಿ, ಫ್ಲೆಕ್ಸ್ ಬೋರ್ಡು ಹೇಳಬೇಡಿ, ನಾಳೆ ಇರುವುದಿಲ್ಲ.

ದೂರ ಹೇಳಲು ನಿಮ್ಮ ಹೆಜ್ಜೆಯ ಲೆಕ್ಕ ಗೊತ್ತಿರಬೇಕು. ಶಾಲೆಯ ಮೈದಾನದಲ್ಲಿ ಟೇಪು ಹಿಡಿದು 100 ಮೀಟರ್ ಗುರುತು ಮಾಡಿ. ಮಾಮೂಲಿಯಾಗಿ ನಡೆದು ಹೆಜ್ಜೆ ಎಣಿಸಿ. ಮೂರು ಸಲ ಎಣಿಸಿ ಸರಾಸರಿ ತೆಗೆಯಿರಿ. ಆ ಸಂಖ್ಯೆಯನ್ನು ಲಾಗ್ ಬುಕ್ಕಿನ ರಟ್ಟಿನ ಒಳಗೆ ಬರೆದಿಡಿ. ಆರು ತಿಂಗಳಿಗೊಮ್ಮೆ ಮತ್ತೆ ಎಣಿಸಿ, ನೀವು ಬೆಳೆಯುತ್ತಿದ್ದೀರಲ್ಲ. ಎತ್ತರಕ್ಕೆ ನೆರಳಿನ ಲೆಕ್ಕ. ಒಂದು ಮೀಟರ್ ಕೋಲು ನೆಟ್ಟು ಅದರ ನೆರಳು ಅಳೆಯಿರಿ. 80 ಸೆಂಟಿಮೀಟರ್ ಬಂತು ಅನ್ನಿ. ಅದೇ ಹೊತ್ತಿಗೆ ತೆಂಗಿನ ಮರದ ನೆರಳು 8 ಮೀಟರ್ ಇದ್ದರೆ ಮರ 10 ಮೀಟರ್. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ತ್ರಿಭುಜ ಬರೆದಾಗ ಆಕಳಿಸಿದವನು ಮರದ ಕೆಳಗೆ ಇದನ್ನು ಐದು ನಿಮಿಷದಲ್ಲಿ ಕಲಿತ.

ರಾತ್ರಿ ದಿಕ್ಕಿಗೆ ಧ್ರುವ ನಕ್ಷತ್ರ. ಪುಸ್ತಕದ ಚಿತ್ರ ನೋಡಿ ಮಕ್ಕಳು ಅದನ್ನು ಆಕಾಶದ ಮೇಲುಗಡೆ ಹುಡುಕುತ್ತಾರೆ. ನಮ್ಮೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಧ್ರುವ ನಕ್ಷತ್ರವೂ ಉತ್ತರ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿರುತ್ತದೆ. ಕೈ ನೀಡಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಅಂದರೆ ಒಂದು ಮುಷ್ಟಿ, ಇನ್ನು ಸ್ವಲ್ಪ. ಉತ್ತರಕ್ಕೆ ಬೆಟ್ಟವೋ ಮರವೋ ಅಡ್ಡ ಇದ್ದರೆ ಕಾಣುವುದೇ ಇಲ್ಲ. ಕೆರೆ ಏರಿಯ ಮೇಲೆ ಹೋಗಿ ನಿಂತು ನೋಡಿ.

ಊರಿನ ಕಥೆಗೆ ಬನ್ನಿ. ಗಂಗರ ಮೊದಲ ರಾಜಧಾನಿ ಈ ಊರು, ಆಗ ಕುವಳಾಲಪುರ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಸೋಮೇಶ್ವರ ಗುಡಿ ವಿಜಯನಗರದ ಕಾಲದ್ದು. ಹೈದರಾಲಿಯ ತಂದೆಯ ಗೋರಿ ಇರುವ ಮಕ್ಬರಾ ಇದೆ. ಹೈದರಾಲಿ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. ಇಷ್ಟನ್ನು ಪುಸ್ತಕದಿಂದ ಬರೆದುಕೊಂಡರೆ ಸಾಲದು, ಒಂದೊಂದಕ್ಕೂ ನಡೆದು ಹೋಗಿ. ಕೊನೆಗೆ ಪೆಟ್ರೋಲ್ ಸಮೇತ ಅಂತರಗಂಗೆ ಹತ್ತಿ. ಬಸವನ ಬಾಯಿಂದ ನೀರು ಬೀಳುವ ಕಡೆ ಕೂತು ಕೆಳಗಿನ ಊರಿನ ನಕ್ಷೆ ಬರೆಯಿರಿ. ಮೇಲಿಂದ ಎಲ್ಲ ಕಾಣುತ್ತದೆ. ಬುತ್ತಿಯನ್ನು ಮಾತ್ರ ಚೀಲದ ಒಳಗಿಡಿ. ಕೋತಿಗಳಿಗೆ ಸ್ಕೌಟ್ ನಿಯಮ ಗೊತ್ತಿಲ್ಲ.

ಇನ್ನು ಪ್ರಥಮ ಚಿಕಿತ್ಸೆಯ ಬಗ್ಗೆ ಎರಡು ಮಾತು, ಯಾಕೆಂದರೆ ಇಲ್ಲಿ ತಪ್ಪು ಕಲಿತರೆ ಜೀವಕ್ಕೆ ಅಪಾಯ. ಹಾವು ಕಚ್ಚಿದರೆ ಕೊಯ್ಯುವುದು, ಬಾಯಲ್ಲಿ ಹೀರುವುದು, ಹಗ್ಗದಿಂದ ಬಿಗಿಯಾಗಿ ಕಟ್ಟುವುದು, ಮೂರೂ ಬೇಡ. ಕಚ್ಚಿದ ಕೈಕಾಲು ಅಲುಗಾಡದ ಹಾಗೆ ಇಟ್ಟು, ಧೈರ್ಯ ಹೇಳಿ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸಾಗಿಸುವುದೇ ಚಿಕಿತ್ಸೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಇಂಕು ಬೇಡ. ಹರಿಯುವ ತಣ್ಣೀರು, 20 ನಿಮಿಷ. ತ್ರಿಕೋನ ಪಟ್ಟಿಯನ್ನು ದುಡ್ಡು ಕೊಟ್ಟು ತರಬೇಡಿ. ಒಂದು ಮೀಟರ್ ಚೌಕದ ಹತ್ತಿ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡಾಯಿತು. ನಿಮ್ಮ ಕುತ್ತಿಗೆಯ ಸ್ಕಾರ್ಫೂ ಅದೇ ಆಕಾರದ್ದು, ತುರ್ತಿಗೆ ಅದನ್ನೇ ಬಿಚ್ಚಿ ಕಟ್ಟಬಹುದು.

ಲಾಗ್ ಬುಕ್

ನೂರು ಪುಟದ ಮಾಮೂಲಿ ನೋಟ್‌ಬುಕ್ ಸಾಕು. ತಾರೀಕು, ಏನು ಮಾಡಿದೆ, ಎಲ್ಲಿ ಕೆಟ್ಟಿತು, ಯಾರು ಹೇಳಿಕೊಟ್ಟರು. ಇಷ್ಟೇ. ಕೆಟ್ಟಿದ್ದನ್ನು ಬರೆಯಲು ಮಕ್ಕಳಿಗೆ ನಾಚಿಕೆ. ಅಲ್ಲೇ ತಪ್ಪುವುದು. ಪ್ರತಿ ಪುಟದಲ್ಲೂ "ಚೆನ್ನಾಗಿ ಬಂತು" ಅಂತಿರುವ ಪುಸ್ತಕ ಕಂಡರೆ ಪರೀಕ್ಷಕರಿಗೆ ಮೊದಲು ಬರುವುದೇ ಅನುಮಾನ. "ಮುದ್ದೆ ಗಂಟಾಯಿತು, ತಂಗಿ ನಕ್ಕಳು, ಹಿಟ್ಟು ಬೇಯುವ ಮುಂಚೆ ತಿರುವಿದ್ದೆ" ಅಂತಿದ್ದರೆ ಕೆಲಸ ಮಾಡಿದ್ದಾನೆ ಅಂತ ಅರ್ಥ.

ಅಪ್ಪ ಅಮ್ಮಂದಿರಿಗೆ ಒಂದು ಕೋರಿಕೆ. ಲಾಗ್ ಬುಕ್ಕನ್ನು ನೀವು ಬರೆಯಬೇಡಿ. ಬಣ್ಣದ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ, ಮುಖಪುಟಕ್ಕೆ ಮಿಂಚು ಹಚ್ಚಿಸಿ ಕಳಿಸುವುದು ಈಗ ಜಾಸ್ತಿಯಾಗಿದೆ. ಎಣ್ಣೆ ಕಲೆ, ಮಣ್ಣಿನ ಬೆರಳಚ್ಚು ಇರುವ ಪುಸ್ತಕವೇ ನಮಗೆ ಬೇಕಾದದ್ದು.

ಪರೀಕ್ಷೆಯ ದಿನ

ತಯಾರಾಗಿದ್ದೇನೆ ಅನ್ನಿಸಿದಾಗ ಮೊದಲು ಪೆಟ್ರೋಲ್ ಲೀಡರ್ ಮುಂದೆ ಮಾಡಿ ತೋರಿಸಿ. ಅವನು ನಿಮ್ಮ ಓರಗೆಯವನು, ಮುಲಾಜಿಲ್ಲದೆ ತಪ್ಪು ಹೇಳುತ್ತಾನೆ. ಆಮೇಲೆ ಸ್ಕೌಟ್ ಮಾಸ್ಟರಿಗೆ ಹೇಳಿ. ಅವರು ಸ್ಥಳೀಯ ಸಂಸ್ಥೆಯ ಅಥವಾ ಜಿಲ್ಲಾ ಸಂಸ್ಥೆಯ ಮೂಲಕ ಪರೀಕ್ಷೆ ಏರ್ಪಾಡು ಮಾಡುತ್ತಾರೆ. ಪರೀಕ್ಷೆ ಮಾಡಲು ಆ ಕೆಲಸ ಬಲ್ಲ ಬೇರೊಬ್ಬರು ಇರುವುದೇ ಸರಿಯಾದ ಪದ್ಧತಿ. ಕಲಿಸಿದವರೇ ಪಾಸು ಮಾಡಿದರೆ ಏನು ಬಂತು?

ಯೂನಿಫಾರ್ಮ್ ಒಗೆದು ಇಸ್ತ್ರಿ ಮಾಡಿರಲಿ. ಝೆರಾಕ್ಸ್ ಹಾಳೆ, ಲಾಗ್ ಬುಕ್, ಸಾಮಾನು ಹಿಂದಿನ ರಾತ್ರಿಯೇ ಚೀಲಕ್ಕೆ ಹಾಕಿ. ಕೈಗೆ ಸಿಗುವ ಜೇಬಿನಲ್ಲಿ ಹಗ್ಗದ ತುಂಡು ಇರಲಿ. ಕುಕ್ ಪರೀಕ್ಷೆಗೆ ಬಂದವನಿಗೂ, "ಬೋಲೈನ್ ಹಾಕಿ ತೋರಿಸು" ಅನ್ನುವ ಹಳೇ ತಲೆಗಳಿದ್ದಾರೆ, ನಾನೂ ಅದರಲ್ಲೊಬ್ಬ. ಬೋಲೈನ್ ಕುಣಿಕೆ ಎಳೆದಷ್ಟೂ ಬಿಗಿಯಾಗುವುದಿಲ್ಲ. ಹಸುವಿನ ಕತ್ತಿಗೆ ಹಾಕಬಹುದಾದ ಗಂಟು. ಇದನ್ನು ಮಾತ್ರ ಮರೆಯಬೇಡಿ.

ಗೊತ್ತಿಲ್ಲದ್ದು ಕೇಳಿದರೆ "ಗೊತ್ತಿಲ್ಲ ಸಾರ್" ಅನ್ನಿ. ಕಥೆ ಕಟ್ಟಿದರೆ ಮುಂದಿನ ಪ್ರಶ್ನೆ ಆ ಕಥೆಯ ಮೇಲೇ ಬರುತ್ತದೆ. ಒಂದು ಭಾಗದಲ್ಲಿ ಸೋತರೆ ಬಾಗಿಲು ಮುಚ್ಚಿತು ಅಂತಲ್ಲ. ಯಾವುದರಲ್ಲಿ ಸೋತೆ ಅಂತ ಪರೀಕ್ಷಕರನ್ನೇ ಕೇಳಿ, ಅಲ್ಲೇ ಬರೆದುಕೊಳ್ಳಿ, ಮುಂದಿನ ತಾರೀಕು ಕೇಳಿಕೊಂಡೇ ಹೊರಡಿ. ತಾರೀಕು ಇಲ್ಲದೆ ಮನೆಗೆ ಹೋದವನು ಮತ್ತೆ ಬರುವುದಿಲ್ಲ, ನೋಡಿದ್ದೇನೆ.

ಪಾಸಾದರೆ ಬ್ಯಾಡ್ಜ್ ಕೈಗೆ ಬರುತ್ತದೆ. ಸೋಪಾನದ ಬ್ಯಾಡ್ಜ್ ಎಡತೋಳಿಗೆ, ಪ್ರಾವೀಣ್ಯ ಬ್ಯಾಡ್ಜ್ ಬಲತೋಳಿಗೆ. ಫೆವಿಕಾಲ್ ಹಚ್ಚಬೇಡಿ, ಎರಡನೇ ಒಗೆತಕ್ಕೆ ಉದುರುತ್ತದೆ. ಮೊದಲು ಎರಡು ಗುಂಡುಪಿನ್ ಚುಚ್ಚಿ, ಅಂಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತು ನೆಟ್ಟಗಿದೆಯಾ ನೋಡಿ. ಆಮೇಲೆ ಬಿಚ್ಚಿ ಅಂಚಿನ ಸುತ್ತ ಸಣ್ಣ ಸಣ್ಣ ಹೊಲಿಗೆ ಹಾಕಿ. ದಾರ ಬ್ಯಾಡ್ಜಿನ ಅಂಚಿನ ಬಣ್ಣದ್ದೇ ಇರಲಿ. ತೋಳಿನ ಇನ್ನೊಂದು ಪದರ ಸೇರಿ ಹೊಲಿದುಹೋಗದಂತೆ ಒಳಗೆ ಒಂದು ರಟ್ಟಿನ ತುಂಡು ಇಟ್ಟುಕೊಳ್ಳಿ. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಎಲ್ಲ ನೀವೇ ಮಾಡಿ. ಬೆರಳಿಗೆ ಚುಚ್ಚಿದರೆ ಪಟ್ಟಿ ಕಟ್ಟುವುದು ಹೇಗೂ ಗೊತ್ತಿದೆಯಲ್ಲ.